ಡ್ರೈವ್‌ಲೈನ್‌ನ ತಿರುಚು ಕಂಪನ: ಯಾವ ಮಾಡೆಲ್ ಸಾಕು, ಯಾವ ಸೆನ್ಸರ್ ಬೇಕು

ಮೂರನೇ ಗೇರಿನಲ್ಲಿ ನಿಧಾನವಾಗಿ ಹೋಗುವಾಗ ಆಕ್ಸಿಲರೇಟರನ್ನು ಒಮ್ಮೆಲೇ ಒತ್ತಿ ನೋಡಿ. ಕೆಲವು ಕಾರುಗಳು ಹಿಂದೆ ಮುಂದೆ ಎರಡು ಮೂರು ಸಲ ಜಗ್ಗಿ, ಆಮೇಲೆ ಸಲೀಸಾಗಿ ಓಡುತ್ತವೆ. ಅದೇ ಕಾರನ್ನು ಐದನೇ ಗೇರಿನಲ್ಲಿ 1200 ಆರ್‌ಪಿಎಂಗೆ ಇಳಿಸಿ ಎಳೆಸಿದರೆ ಗೇರ್‌ಬಾಕ್ಸ್ ಒಳಗಿಂದ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಗಡಗಡ ಸದ್ದು ಬರಬಹುದು. ಗಾಡಿ ಎತ್ತುವಾಗ ಕ್ಲಚ್ ಬಿಡುತ್ತಿದ್ದಂತೆ ಇಡೀ ಬಾಡಿ ನಡುಗುವುದು ಇನ್ನೊಂದು ತರ. ಮೂರರಲ್ಲೂ ನಡೆಯುತ್ತಿರುವುದು ಒಂದೇ: ಡ್ರೈವ್‌ಲೈನ್‌ನ, ಅಂದರೆ ಎಂಜಿನ್‌ನಿಂದ ಚಕ್ರದ ತನಕ ಟಾರ್ಕ್ ಒಯ್ಯುವ ಸಾಲಿನ, ಶಾಫ್ಟುಗಳು ತಿರುಗುತ್ತಲೇ ತಿರುಚಿಕೊಂಡು ಬಿಚ್ಚಿಕೊಳ್ಳುತ್ತಿವೆ. ಆದರೆ ಮೂರಕ್ಕೂ ಬೇಕಾದ ಮಾಡೆಲ್ ಬೇರೆ, ಅಳತೆ ಬೇರೆ.

ಈ ಕೆಲಸಕ್ಕೆ ಹೊಸದಾಗಿ ಬಂದವರು ಮೊದಲು ಕೇಳುವುದು "ಯಾವ ಸಾಫ್ಟ್‌ವೇರ್ ತಗೊಳ್ಳಲಿ" ಅಂತ. ಅದನ್ನು ಕೊನೆಗೆ ಕೇಳಿ. ದೂರು ಏನು, ಅದು ಎಷ್ಟು ಹರ್ಟ್ಜ್‌ನಲ್ಲಿದೆ, ಅದರಲ್ಲಿ ಸಡಿಲ (ಗೇರಿನ ಹಲ್ಲುಗಳ ನಡುವಿನ ಖಾಲಿ ಜಾಗ) ಅಥವಾ ಜಾರುವಿಕೆಯ ಪಾತ್ರ ಇದೆಯಾ ಅನ್ನುವುದು ಗೊತ್ತಾದರೆ ಮಾಡೆಲ್ ಮತ್ತು ಸೆನ್ಸರ್ ಎರಡೂ ಹೆಚ್ಚುಕಡಿಮೆ ತಾವೇ ಆಯ್ಕೆಯಾಗುತ್ತವೆ.

ಮೊದಲು ಹರ್ಟ್ಜ್ ಹಿಡಿಯಿರಿ

ಆಕ್ಸಿಲರೇಟರ್ ಒತ್ತಿದಾಗಿನ ಜಗ್ಗಾಟ ಸುಮಾರು 2ರಿಂದ 10 ಹರ್ಟ್ಜ್. ಕ್ಲಚ್ ಜಾರುವಾಗಿನ ನಡುಕ ಸುಮಾರು 5ರಿಂದ 20. ಗೇರ್ ಗಡಗಡ ಮತ್ತು ಕ್ಯಾಬಿನ್ ಒಳಗಿನ ಗುಂಯ್‌ಗುಡುವಿಕೆ ಎಂಜಿನ್ ಸಿಲಿಂಡರುಗಳ ಹೊಡೆತವನ್ನು ಹಿಂಬಾಲಿಸುತ್ತವೆ. ಕ್ರ್ಯಾಂಕ್‌ಶಾಫ್ಟ್‌ನ ಸ್ವಂತ ತಿರುಚು ಕಂಪನ ನಾಲ್ಕು ಸಿಲಿಂಡರ್ ಎಂಜಿನ್‌ಗಳಲ್ಲಿ ಕೆಲವು ನೂರು ಹರ್ಟ್ಜ್ ಮಟ್ಟದಲ್ಲಿರುತ್ತದೆ. ಸಡಿಲ ಮುಗಿದು ಹಲ್ಲಿಗೆ ಹಲ್ಲು ಬಡಿದಾಗ ಬರುವ ಲೋಹದ 'ಟಣ್' ಸದ್ದು ಇನ್ನೂ ಮೇಲೆ, ಸಾವಿರಗಳ ತನಕ ಹೋಗುತ್ತದೆ.

ಎಂಜಿನ್ ಹೊಡೆತದ ಲೆಕ್ಕ ಸುಲಭ. ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್ ಎರಡು ಸುತ್ತು ಹೊಡೆಯುವಷ್ಟರಲ್ಲಿ ಪ್ರತಿ ಸಿಲಿಂಡರ್ ಒಂದು ಸಲ ಉರಿಯುತ್ತದೆ. ಅಂದರೆ ಒಂದು ಸುತ್ತಿಗೆ ಬೀಳುವ ಹೊಡೆತ ಸಿಲಿಂಡರ್ ಸಂಖ್ಯೆಯ ಅರ್ಧ. ಸುತ್ತಿಗೆ ಎಷ್ಟು ಸಲ ಅನ್ನುವುದನ್ನೇ ಆರ್ಡರ್ ಅನ್ನುತ್ತಾರೆ: ನಾಲ್ಕು ಸಿಲಿಂಡರಿಗೆ ಎರಡನೇ ಆರ್ಡರ್, ಮೂರಕ್ಕೆ ಒಂದೂವರೆ, ಆರಕ್ಕೆ ಮೂರು. 1500 ಆರ್‌ಪಿಎಂ ಅಂದರೆ ಸೆಕೆಂಡಿಗೆ 25 ಸುತ್ತು, ಹಾಗಾಗಿ ನಾಲ್ಕು ಸಿಲಿಂಡರ್ 50 ಹರ್ಟ್ಜ್‌ನಲ್ಲಿ ಹೊಡೆಯುತ್ತದೆ, ಮೂರು ಸಿಲಿಂಡರ್ 37.5ರಲ್ಲಿ. ಸಿಲಿಂಡರ್ ಕಡಿಮೆಯಾದಷ್ಟೂ, ಎಂಜಿನ್ ನಿಧಾನವಾಗಿ ಓಡಿದಷ್ಟೂ ಹೊಡೆತದ ಹರ್ಟ್ಜ್ ಕೆಳಗಿಳಿದು ಡ್ರೈವ್‌ಲೈನ್‌ನ ಸ್ವಂತ ಕಂಪನದ ಹತ್ತಿರ ಬರುತ್ತದೆ. ಇಂಧನ ಉಳಿಸಲು ಎಂಜಿನ್ನುಗಳನ್ನು ಚಿಕ್ಕದು ಮಾಡಿ ಕಡಿಮೆ ಆರ್‌ಪಿಎಂನಲ್ಲಿ ಜಾಸ್ತಿ ಟಾರ್ಕ್ ಎಳೆಯಲು ಶುರು ಮಾಡಿದ ಮೇಲೆ ಈ ವಿಷಯ ಇಷ್ಟು ತಲೆನೋವಾಗಿದ್ದು ಅದಕ್ಕೇ.

ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಉದ್ದ ಶಾಫ್ಟ್) ಇರುವ ಗಾಡಿಯಾದರೆ ಇನ್ನೊಂದು ಮೂಲವನ್ನೂ ಮರೆಯಬೇಡಿ. ಸಾಮಾನ್ಯ ಯೂನಿವರ್ಸಲ್ ಜಾಯಿಂಟ್ ಬಾಗಿದ ಕೋನದಲ್ಲಿ ತಿರುಗಿದರೆ ಸುತ್ತಿಗೆ ಎರಡು ಸಲ ವೇಗ ಏರಿಳಿಯುತ್ತದೆ. 10 ಡಿಗ್ರಿ ಕೋನಕ್ಕೆ ಆ ಏರಿಳಿತ ಸರಾಸರಿಯಿಂದ ಆಚೀಚೆ ಸುಮಾರು ಶೇಕಡಾ 1.5. ಇದೂ ಎರಡನೇ ಆರ್ಡರೇ, ಆದರೆ ಎಂಜಿನ್‌ನದ್ದಲ್ಲ, ಪ್ರೊಪೆಲ್ಲರ್ ಶಾಫ್ಟ್‌ನದ್ದು. ಒಂದಕ್ಕೆ ಒಂದು ಅನುಪಾತದ ಗೇರಿನಲ್ಲಿ ಎರಡೂ ಒಂದರ ಮೇಲೊಂದು ಕೂತುಬಿಡುತ್ತವೆ. ಆಗ ಬೇರೆ ಗೇರಿನಲ್ಲಿ ಓಡಿಸಿ ಬೇರ್ಪಡಿಸಬೇಕು.

ಎರಡು ಜಡತ್ವದ ಮಾಡೆಲ್: ಇದನ್ನು ಬಿಟ್ಟು ಮುಂದೆ ಹೋಗಬೇಡಿ

ಒಂದು ಕಡೆ ಎಂಜಿನ್ ಮತ್ತು ಫ್ಲೈವೀಲ್, ಇನ್ನೊಂದು ಕಡೆ ಇಡೀ ಗಾಡಿ, ನಡುವೆ ಒಂದು ಸ್ಪ್ರಿಂಗ್. ಇಷ್ಟೇ. ಕಾಗದದ ಮೇಲೆ ಹತ್ತು ನಿಮಿಷದ ಕೆಲಸ. ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ: ಎಂಜಿನ್ ಮತ್ತು ಫ್ಲೈವೀಲ್ ಸೇರಿ ಜಡತ್ವ 0.2 ಕೆಜಿ ಮೀಟರ್ ವರ್ಗ, ಗಾಡಿ 1200 ಕೆಜಿ, ಚಕ್ರದ ತ್ರಿಜ್ಯ 0.3 ಮೀಟರ್, ಎರಡು ಆಕ್ಸಲ್ ಶಾಫ್ಟ್ ಸೇರಿ ಬಿಗಿತ ಒಂದು ರೇಡಿಯನ್‌ಗೆ 10,000 ನ್ಯೂಟನ್ ಮೀಟರ್. ಗಾಡಿಯ ತೂಕವನ್ನು ಚಕ್ರದ ಅಕ್ಷಕ್ಕೆ ತಂದರೆ 1200 ಗುಣಿಸು 0.3ರ ವರ್ಗ, ಅಂದರೆ 108. ಒಂದನೇ ಗೇರಿನಲ್ಲಿ ಒಟ್ಟು ಅನುಪಾತ 14 ಆದರೆ ಎಂಜಿನ್ ಜಡತ್ವ ಚಕ್ರದ ಕಡೆಯಿಂದ ನೋಡಿದಾಗ 0.2 ಗುಣಿಸು 196, ಅಂದರೆ ಸುಮಾರು 39. ಎರಡು ಜಡತ್ವಗಳ ವಿಲೋಮಗಳನ್ನು ಕೂಡಿಸಿ, ಬಿಗಿತದಿಂದ ಗುಣಿಸಿ, ವರ್ಗಮೂಲ ತೆಗೆದು, 2ಪೈಯಿಂದ ಭಾಗಿಸಿ. ಸುಮಾರು 3 ಹರ್ಟ್ಜ್ ಬರುತ್ತದೆ. ಮೂರನೇ ಗೇರಿನಲ್ಲಿ ಒಟ್ಟು ಅನುಪಾತ 5.5 ಆದರೆ ಎಂಜಿನ್ ಜಡತ್ವ ಸುಮಾರು 6ಕ್ಕೆ ಇಳಿದು, ಉತ್ತರ 6.6 ಹರ್ಟ್ಜ್‌ಗೆ ಏರುತ್ತದೆ.

ಈ ಸಣ್ಣ ಲೆಕ್ಕವೇ ದೊಡ್ಡ ವಿಷಯ ಹೇಳುತ್ತದೆ, ಅಲ್ವಾ? ಒಂದನೇ ಗೇರಿನಲ್ಲಿ ಎಂಜಿನ್ ತನ್ನ ಅನುಪಾತದ ವರ್ಗದಷ್ಟು ಭಾರವಾಗಿ ಕಾಣುತ್ತದೆ, ಅದಕ್ಕೇ ಅಲ್ಲಿ ಜಗ್ಗಾಟ ನಿಧಾನ ಮತ್ತು ಉದ್ದ. ಆ 'ವರ್ಗ'ವನ್ನು ಮರೆಯುವುದು ಈ ಕ್ಷೇತ್ರದ ಅತಿ ಸಾಮಾನ್ಯ ತಪ್ಪು. ಜಡತ್ವಕ್ಕೂ ಬಿಗಿತಕ್ಕೂ ಡ್ಯಾಂಪಿಂಗ್‌ಗೂ ಅನುಪಾತದ ವರ್ಗ ಹಾಕಬೇಕು, ಟಾರ್ಕಿಗೆ ಮತ್ತು ವೇಗಕ್ಕೆ ಮಾತ್ರ ಅನುಪಾತ.

ಜಗ್ಗಾಟದ ಪ್ರಶ್ನೆಗೆ ಇದಕ್ಕೆ ಎರಡೇ ಎರಡು ಸೇರಿಸಿದರೆ ಸಾಕು. ಮೊದಲನೆಯದು ಟೈರ್. ಟೈರಿನ ಜಾರುವಿಕೆಯೇ ಈ ಜಗ್ಗಾಟವನ್ನು ತಣಿಸುವ ಮುಖ್ಯ ಡ್ಯಾಂಪರ್, ಅದನ್ನು ಬಿಟ್ಟರೆ ಮಾಡೆಲ್‌ನಲ್ಲಿ ಕಾರು ಜಗ್ಗುತ್ತಲೇ ಇರುತ್ತದೆ. ಎರಡನೆಯದು ಎಂಜಿನ್ ಮೌಂಟ್. ಅಡ್ಡ ಎಂಜಿನ್ ಕಾರುಗಳಲ್ಲಿ ಟಾರ್ಕ್ ಏರಿದಾಗ ಎಂಜಿನ್ ತಾನೇ ಹಿಂದಕ್ಕೆ ಉರುಳುತ್ತದೆ, ಅದು ಸರಪಳಿಯಲ್ಲಿ ಇನ್ನೊಂದು ಸ್ಪ್ರಿಂಗ್ ಇದ್ದ ಹಾಗೆ.

ಹತ್ತು ಹನ್ನೆರಡು ಜಡತ್ವಗಳ ಸರಪಳಿ

ಕ್ರ್ಯಾಂಕ್, ಫ್ಲೈವೀಲ್, ಕ್ಲಚ್ ಹಬ್, ಇನ್‌ಪುಟ್ ಶಾಫ್ಟ್, ಔಟ್‌ಪುಟ್ ಶಾಫ್ಟ್, ಡಿಫರೆನ್ಷಿಯಲ್, ಚಕ್ರ, ಬಾಡಿ ಎಂದು ಬಿಡಿಸಿದರೆ ಎಂಜಿನ್ ಹೊಡೆತದ ವಲಯವೂ ಸಿಗುತ್ತದೆ. ಇದು ಹಳೆಯ, ನಂಬಿಕಸ್ತ ದಾರಿ. ಹೈನ್ರಿಶ್ ಹೋಲ್ಜರ್ ಅವರ ಕೋಷ್ಟಕದ ಪದ್ಧತಿ 1921ರಲ್ಲೇ ಪ್ರಕಟವಾಗಿತ್ತು: ಒಂದು ಆವರ್ತನ ಊಹಿಸಿ, ಒಂದು ತುದಿಯಿಂದ ಶುರು ಮಾಡಿ ಪ್ರತಿ ಜಡತ್ವದ ಟಾರ್ಕ್ ಕೂಡಿಸುತ್ತಾ ಹೋಗಿ, ಇನ್ನೊಂದು ತುದಿಯಲ್ಲಿ ಸೊನ್ನೆ ಉಳಿದರೆ ಅದೇ ಸ್ವಂತ ಆವರ್ತನ. ಈಗ ಕಂಪ್ಯೂಟರ್ ಇದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡುತ್ತದೆ. ಆದರೂ ಒಮ್ಮೆ ಕೈಯಲ್ಲಿ ಮಾಡಿ ನೋಡಿ, ಯಾವ ಶಾಫ್ಟ್ ಎಲ್ಲಿ ತಿರುಚುತ್ತದೆ ಅನ್ನುವುದು ಮನಸ್ಸಿನಲ್ಲಿ ಕೂರುತ್ತದೆ.

ಹನ್ನೆರಡು ಜಡತ್ವ ಇಟ್ಟರೆ ಹನ್ನೊಂದು ಕಂಪನ ರೂಪ ಸಿಗುತ್ತದೆ, ಹನ್ನೆರಡನೆಯದು ಎಲ್ಲ ಒಟ್ಟಿಗೆ ಸುಮ್ನೆ ತಿರುಗುವುದು. ಹನ್ನೊಂದನ್ನೂ ನಂಬಬೇಡಿ. ಕೆಳಗಿನ ಅರ್ಧವನ್ನು ನಂಬಬಹುದು, ಮೇಲಿನವು ನೀವು ಶಾಫ್ಟನ್ನು ಎಲ್ಲೆಲ್ಲಿ ಕತ್ತರಿಸಿ ತುಂಡು ಮಾಡಿದಿರಿ ಎಂಬುದರ ಮೇಲೆ ನಿಂತಿರುತ್ತವೆ.

ಸರಳ ರೇಖೆಯ ಲೆಕ್ಕವಾ, ಸಮಯದಲ್ಲಿ ಓಡಿಸುವ ಲೆಕ್ಕವಾ?

ನಿಜವಾದ ಕವಲುದಾರಿ ಇದು. ಆವರ್ತನದ ಲೆಕ್ಕ, ಅಂದರೆ ಲೀನಿಯರ್ ಮಾಡೆಲ್, ವೇಗವಾಗಿ ಓಡುತ್ತದೆ. ನೂರು ಬಗೆಯ ಕ್ಲಚ್ ಸ್ಪ್ರಿಂಗ್ ಪರೀಕ್ಷಿಸಿ ಯಾವುದು ಅನುರಣನವನ್ನು (ಹೊಡೆತವೂ ಸ್ವಂತ ಆವರ್ತನವೂ ಒಂದಾಗಿ ಕಂಪನ ಉಬ್ಬುವುದನ್ನು) ಗಾಡಿ ಓಡಿಸುವ ವಲಯದಿಂದ ಆಚೆ ತಳ್ಳುತ್ತದೆ ಎಂದು ನೋಡಲು ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಅದಕ್ಕೆ ಸಡಿಲ ಗೊತ್ತಿಲ್ಲ, ಒಣ ಘರ್ಷಣೆ ಗೊತ್ತಿಲ್ಲ.

ಗೇರ್ ಗಡಗಡವನ್ನೇ ತಗೊಳ್ಳಿ. ಹೊರೆ ಇಲ್ಲದೆ ಸುಮ್ನೆ ತಿರುಗುತ್ತಿರುವ ಗೇರಿನ ಜಡತ್ವವನ್ನು ಕೋನೀಯ ವೇಗೋತ್ಕರ್ಷದಿಂದ ಗುಣಿಸಿದಾಗ ಬರುವ ಟಾರ್ಕ್, ಅದನ್ನು ಹಿಡಿದಿಟ್ಟಿರುವ ಎಣ್ಣೆಯ ಎಳೆತಕ್ಕಿಂತ ಜಾಸ್ತಿಯಾದರೆ ಹಲ್ಲು ಬಿಟ್ಟು ಹೋಗಿ ಮತ್ತೆ ಬಡಿಯುತ್ತದೆ. ಉದಾಹರಣೆಗೆ ಜಡತ್ವ 0.0005, ವೇಗೋತ್ಕರ್ಷ ಸೆಕೆಂಡ್ ವರ್ಗಕ್ಕೆ 600 ರೇಡಿಯನ್ ಆದರೆ 0.3 ನ್ಯೂಟನ್ ಮೀಟರ್. ಎಣ್ಣೆಯ ಎಳೆತ 0.2 ಇದ್ದರೆ ಸದ್ದು ಗ್ಯಾರಂಟಿ. ಎಣ್ಣೆ ಬಿಸಿಯಾದಾಗ ತೆಳ್ಳಗಾಗಿ ಎಳೆತ ಇಳಿಯುತ್ತದೆ, ಅದಕ್ಕೇ ಬೆಳಿಗ್ಗೆ ಸುಮ್ಮನಿದ್ದ ಗೇರ್‌ಬಾಕ್ಸ್ ಮಧ್ಯಾಹ್ನ ಸದ್ದು ಮಾಡುವುದು. ಇಲ್ಲಿ ನನ್ನ ಸಲಹೆ ಎರಡು ಹಂತದ್ದು. ಇನ್‌ಪುಟ್ ಶಾಫ್ಟ್‌ನ ವೇಗೋತ್ಕರ್ಷ ಎಷ್ಟು ಅನ್ನುವ ತನಕ ಲೀನಿಯರ್ ಮಾಡೆಲ್, ಅದನ್ನು ಮೇಲಿನ ಒಂದು ಸಾಲಿನ ಪರೀಕ್ಷೆಗೆ ಹಾಕಿ ಯಾವ ಗೇರ್ ಬಡಿಯಬಹುದು ಎಂದು ಗುರುತಿಸಿ, ಆ ಜೋಡಿಗೆ ಮಾತ್ರ ಸಡಿಲ ಹಾಕಿ ಸಮಯದ ಲೆಕ್ಕ ಓಡಿಸಿ. ಎಲ್ಲ ಗೇರಿಗೂ ಒಟ್ಟಿಗೆ ಸಡಿಲ ಹಾಕಿದರೆ ಹಲ್ಲಿನ ಗಡುಸು ಸಂಪರ್ಕದಿಂದಾಗಿ ಸಾಲ್ವರ್ ಇರುವೆ ಹೆಜ್ಜೆ ಇಡುತ್ತದೆ, ಬಂದ ಫಲಿತಾಂಶದಲ್ಲಿ ಯಾವುದು ಯಾರಿಂದ ಬಂತು ಅಂತ ಬಿಡಿಸಲಿಕ್ಕೇ ಆಗುವುದಿಲ್ಲ.

ಕ್ಲಚ್ ಡಿಸ್ಕಿನ ಸ್ಪ್ರಿಂಗ್ ಕೂಡ ಒಂದೇ ಬಿಗಿತದ್ದಲ್ಲ. ಐಡಲ್‌ಗೆ ಮೆತ್ತನೆಯ ಹಂತ, ಹೊರೆಗೆ ಗಡುಸು ಹಂತ, ಜೊತೆಗೆ ಹೋಗುವಾಗ ಒಂದು ದಾರಿ, ಬರುವಾಗ ಇನ್ನೊಂದು ದಾರಿ ಹಿಡಿಸುವ ಘರ್ಷಣೆ (ಹಿಸ್ಟರಿಸಿಸ್). ಲೀನಿಯರ್ ಮಾಡೆಲ್‌ನಲ್ಲಿ ನೀವು ಓಡಿಸುವ ಟಾರ್ಕಿಗೆ ತಕ್ಕ ಹಂತದ ಬಿಗಿತವನ್ನೇ ಹಾಕಬೇಕು. ಡ್ಯುಯಲ್ ಮಾಸ್ ಫ್ಲೈವೀಲ್ (ನಡುವೆ ಸ್ಪ್ರಿಂಗ್ ಇಟ್ಟ ಎರಡು ತುಂಡಿನ ಫ್ಲೈವೀಲ್) ಇದ್ದರೆ ಕಷ್ಟ ಇನ್ನೂ ಜಾಸ್ತಿ. ಅದರ ಬಿಲ್ಲಿನಾಕಾರದ ಸ್ಪ್ರಿಂಗುಗಳನ್ನು ವೇಗ ಏರಿದಂತೆ ಕೇಂದ್ರಾಪಗಾಮಿ ಬಲ ಹೊರಗೋಡೆಗೆ ಒತ್ತುತ್ತದೆ, ಘರ್ಷಣೆ ಏರುತ್ತದೆ, ಪರಿಣಾಮಕಾರಿ ಬಿಗಿತವೂ ಬದಲಾಗುತ್ತದೆ. ಎಂಜಿನ್ ಆನ್ ಮಾಡುವಾಗ ಮತ್ತು ಆಫ್ ಮಾಡುವಾಗ ಅದು ತನ್ನ ಅನುರಣನವನ್ನು ದಾಟಿಯೇ ಹೋಗಬೇಕು, ಆ ಕ್ಷಣವನ್ನು ನೋಡಲು ಸಮಯದ ಲೆಕ್ಕ ಬೇಕೇ ಬೇಕು. ಕ್ಲಚ್ ನಡುಕಕ್ಕೂ ಅಷ್ಟೇ. ಜಾರುವ ವೇಗ ಏರಿದಂತೆ ಘರ್ಷಣೆ ಇಳಿದರೆ ಅದು ತಣಿಸುವ ಬದಲು ಕಂಪನಕ್ಕೇ ಶಕ್ತಿ ತುಂಬುತ್ತದೆ, ಆ ಇಳಿಜಾರು ನಿಮ್ಮ ಮಾಡೆಲ್‌ನಲ್ಲಿ ಇಲ್ಲದಿದ್ದರೆ ನಡುಕವೂ ಇರುವುದಿಲ್ಲ.

ತೂಗುವ ಲೋಲಕದ ಡ್ಯಾಂಪರ್ ಬಗ್ಗೆ ಒಂದು ಮಾತು. ರಬ್ಬರ್ ಡ್ಯಾಂಪರ್ ಒಂದು ಹರ್ಟ್ಜ್‌ಗೆ ಹೊಂದಿಸಿದ್ದು, ಲೋಲಕ ಒಂದು ಆರ್ಡರಿಗೆ ಹೊಂದಿಸಿದ್ದು. ಅದರ ತೂಗುಬಿಂದು ಶಾಫ್ಟ್ ಮಧ್ಯದಿಂದ ಇರುವ ದೂರವನ್ನು ಲೋಲಕದ ಉದ್ದದಿಂದ ಭಾಗಿಸಿ ವರ್ಗಮೂಲ ತೆಗೆದರೆ ಆರ್ಡರ್ ಸಿಗುತ್ತದೆ, ಹಾಗಾಗಿ ಎರಡನೇ ಆರ್ಡರಿಗೆ ಆ ಪಾಲು 4. ಇದನ್ನು ಮಾಡೆಲ್‌ಗೆ ಹಾಕುವಾಗ ಬಿಗಿತ ವೇಗದ ವರ್ಗದಂತೆ ಏರಬೇಕು. ಸ್ಥಿರ ಸ್ಪ್ರಿಂಗ್ ಹಾಕಿದರೆ ಒಂದೇ ಆರ್‌ಪಿಎಂನಲ್ಲಿ ಮಾತ್ರ ಸರಿ.

ಮಲ್ಟಿಬಾಡಿ, ಫೈನೈಟ್ ಎಲಿಮೆಂಟ್ ಮಾಡೆಲ್‌ಗಳು ಯಾವಾಗ? ಶಾಫ್ಟ್ ಬಾಗುವಿಕೆ, ಬೇರಿಂಗ್, ಗೇರ್‌ಬಾಕ್ಸ್ ಕವಚ ಸೇರಿ ಸದ್ದಾಗಿ ಹೊರಬರುವ ದಾರಿ ಬೇಕಾದಾಗ. ತಿರುಚು ಕಂಪನ ಒಂದೇ ಪ್ರಶ್ನೆಯಾದರೆ ಬೇಡ.

ಸಾಫ್ಟ್‌ವೇರ್ ವಿಷಯ ಬೇಗ ಮುಗಿಸುತ್ತೇನೆ. ಲೀನಿಯರ್ ಲೆಕ್ಕಕ್ಕೆ ಪೈಥಾನ್ ಅಥವಾ ಆಕ್ಟೇವ್ ಸಾಕು, ಉಚಿತ, ಒಳಗೆ ಏನು ನಡೆಯುತ್ತಿದೆ ಅಂತ ಕಾಣುತ್ತದೆ. ಸಮಯದ ಲೆಕ್ಕಕ್ಕೆ ಓಪನ್‌ಮಾಡೆಲಿಕಾ ಉಚಿತ. ಸಿಮ್‌ಸ್ಕೇಪ್, ಆಮೆಸಿಮ್, ಜಿಟಿ ಸೂಟ್ ದುಡ್ಡಿನವು, ಸಿದ್ಧ ಕ್ಲಚ್ ಮತ್ತು ಟೈರ್ ಬ್ಲಾಕುಗಳು ಸಿಗುತ್ತವೆ. ನಿಮ್ಮ ತಂಡದಲ್ಲಿ ಪಕ್ಕದ ಕುರ್ಚಿಯವರಿಗೆ ಯಾವುದು ಬರುತ್ತದೋ ಅದನ್ನೇ ತಗೊಳ್ಳಿ.

ಅಳತೆ: ಸೆನ್ಸರ್‌ಗಿಂತ ಗಡಿಯಾರ ಮುಖ್ಯ

1500 ಆರ್‌ಪಿಎಂ, ಎರಡನೇ ಆರ್ಡರ್, ಕೋನೀಯ ವೇಗೋತ್ಕರ್ಷ ಸೆಕೆಂಡ್ ವರ್ಗಕ್ಕೆ 1000 ರೇಡಿಯನ್ ಎಂದುಕೊಳ್ಳಿ. 50 ಹರ್ಟ್ಜ್‌ನಲ್ಲಿ ಇದು ವೇಗದಲ್ಲಿ ಆಚೀಚೆ ಸುಮಾರು 30 ಆರ್‌ಪಿಎಂ, ಕೋನದಲ್ಲಿ 0.58 ಡಿಗ್ರಿ. ಅಷ್ಟೇ ವೇಗೋತ್ಕರ್ಷ 400 ಹರ್ಟ್ಜ್‌ನಲ್ಲಿದ್ದರೆ ಬರೀ 3.8 ಆರ್‌ಪಿಎಂ, ಕೋನ 0.01 ಡಿಗ್ರಿಗೂ ಕಡಿಮೆ. ಆವರ್ತನ ಏರಿದಂತೆ ನೀವು ಹುಡುಕುತ್ತಿರುವುದು ಎಷ್ಟು ಸಣ್ಣದಾಗುತ್ತದೆ ನೋಡಿ.

ಈಗ 60 ಹಲ್ಲಿನ ಚಕ್ರದ ಎದುರು ಪಿಕಪ್, ಅಂದರೆ ಹಾದುಹೋಗುವ ಹಲ್ಲನ್ನು ಗುರುತಿಸುವ ಸೆನ್ಸರ್, ಇಟ್ಟಿದ್ದೀರಿ. 1500 ಆರ್‌ಪಿಎಂನಲ್ಲಿ ಸೆಕೆಂಡಿಗೆ 1500 ಹಲ್ಲು, ಎರಡು ಹಲ್ಲಿನ ನಡುವೆ 667 ಮೈಕ್ರೊಸೆಕೆಂಡ್. ಸಾಮಾನ್ಯ ಅನಲಾಗ್ ಚಾನೆಲ್‌ನಲ್ಲಿ 50 ಕಿಲೊಹರ್ಟ್ಜ್‌ನಲ್ಲಿ ರೆಕಾರ್ಡ್ ಮಾಡಿದರೆ ಹಲ್ಲು ಬಂದ ಕ್ಷಣ 20 ಮೈಕ್ರೊಸೆಕೆಂಡ್ ಆಚೀಚೆ ಆಗಬಹುದು, ಅಂದರೆ ಶೇಕಡಾ 3, ಅಂದರೆ 45 ಆರ್‌ಪಿಎಂ. ಹುಡುಕುತ್ತಿರುವುದೇ 30! ಬಿಂದುಗಳ ನಡುವೆ ಸರಿಯಾಗಿ ಇಂಟರ್‌ಪೊಲೇಟ್ ಮಾಡಿದರೆ ಸುಧಾರಿಸುತ್ತದೆ, ಆದರೆ ಹಲ್ಲುಗಳ ನಡುವಿನ ಸಮಯವನ್ನೇ ಎಣಿಸುವ 10 ಮೆಗಾಹರ್ಟ್ಜ್ ಕೌಂಟರ್ ಇದ್ದರೆ ಅದೇ ತಪ್ಪು ಸುಮಾರು 0.2 ಆರ್‌ಪಿಎಂಗೆ ಇಳಿಯುತ್ತದೆ. ದುಬಾರಿ ಸೆನ್ಸರ್ ಕೊಳ್ಳುವ ಮೊದಲು ನಿಮ್ಮ ರೆಕಾರ್ಡರ್‌ನಲ್ಲಿ ಕೌಂಟರ್ ಇನ್‌ಪುಟ್ ಇದೆಯಾ ನೋಡಿ. ನನ್ನ ಪ್ರಕಾರ ದುಡ್ಡು ಮೊದಲು ಹೋಗಬೇಕಾದ ಜಾಗ ಇದು.

ಹಲ್ಲಿನ ಸಂಖ್ಯೆಯೂ ಮಿತಿ ಹಾಕುತ್ತದೆ. 60 ಹಲ್ಲಿಗೆ ಸಿದ್ಧಾಂತದಲ್ಲಿ 30ನೇ ಆರ್ಡರ್ ತನಕ, ಕೆಲಸದಲ್ಲಿ ಅದಕ್ಕಿಂತ ಸಾಕಷ್ಟು ಕೆಳಗೆ ನಿಲ್ಲಿಸಿ. ಅನೇಕ ಎಂಜಿನ್‌ಗಳ ಕ್ರ್ಯಾಂಕ್ ಚಕ್ರದಲ್ಲಿ 60ರಲ್ಲಿ ಎರಡು ಹಲ್ಲು ಬೇಕೆಂದೇ ಬಿಟ್ಟಿರುತ್ತಾರೆ, ಆ ಜಾಗ ತುಂಬಿಸದಿದ್ದರೆ ಅಳತೆಯಲ್ಲಿ ಸುತ್ತಿಗೊಂದು ಮೊಳೆಯಂಥ ಸುಳ್ಳು ಶಿಖರ ಏಳುತ್ತದೆ. ಫ್ಲೈವೀಲ್‌ನ ಸ್ಟಾರ್ಟರ್ ರಿಂಗ್‌ನಲ್ಲಿ ಹಲ್ಲು ಜಾಸ್ತಿ, ಬಿಟ್ಟ ಹಲ್ಲಿಲ್ಲ, ನನ್ನ ಮೊದಲ ಆಯ್ಕೆ ಅದೇ. ಕಾಯಿಲ್ ಇರುವ ಮ್ಯಾಗ್ನೆಟಿಕ್ ಪಿಕಪ್ ಗಟ್ಟಿಮುಟ್ಟು, ಆದರೆ ವೇಗ ಇಳಿದಂತೆ ಅದರ ಸಿಗ್ನಲ್ ಸಾಯುತ್ತದೆ. ಎಂಜಿನ್ ಸ್ಟಾರ್ಟ್ ಆಗುವ ಕ್ಷಣ ಬೇಕಾದರೆ ಹಾಲ್ ಸೆನ್ಸರ್ ತಗೊಳ್ಳಿ.

ಹಲ್ಲೇ ಇಲ್ಲದ ಶಾಫ್ಟಿಗೆ ಎರಡು ದಾರಿ. ಕಪ್ಪು ಬಿಳುಪು ಪಟ್ಟೆಯ ಜೀಬ್ರಾ ಟೇಪ್ ಸುತ್ತಿ ಆಪ್ಟಿಕಲ್ ಸೆನ್ಸರ್ ಇಡುವುದು ಅಗ್ಗದ್ದು. ತೊಂದರೆ ಟೇಪಿನ ಎರಡು ತುದಿ ಸೇರುವ ಜಾಗದಲ್ಲಿ. ನಾನೊಮ್ಮೆ ಒಂದು ಪ್ರೊಪೆಲ್ಲರ್ ಶಾಫ್ಟ್‌ನಲ್ಲಿ ಒಂದನೇ ಆರ್ಡರ್ ಎದ್ದು ಕಂಡಿದ್ದಕ್ಕೆ ಬ್ಯಾಲೆನ್ಸ್ ಸರಿಯಿಲ್ಲ ಎಂದು ಶಾಫ್ಟನ್ನೇ ಬಿಚ್ಚಿಸಿದ್ದೆ, ಕಾರಣ ಟೇಪಿನ ಜೋಡಣೆಯಲ್ಲಿ ಅರ್ಧ ಪಟ್ಟೆಯಷ್ಟು ವ್ಯತ್ಯಾಸ. ಅಂದಿನಿಂದ ಮೊದಲು ಹೊರೆ ಇಲ್ಲದೆ ಒಂದೇ ವೇಗದಲ್ಲಿ ನೂರಾರು ಸುತ್ತು ಓಡಿಸಿ, ಪ್ರತಿ ಪಟ್ಟೆಯ ನಿಜವಾದ ಅಗಲವನ್ನು ಸರಾಸರಿಯಿಂದ ತೆಗೆದು, ಆಮೇಲಿನ ಎಲ್ಲ ಅಳತೆಯಲ್ಲೂ ಸರಿಪಡಿಸುತ್ತೇನೆ. ಹೊರೆ ಬದಲಾದರೂ ವೇಗ ಬದಲಾದರೂ ಶೇಕಡಾವಾರು ಒಂದಿಷ್ಟೂ ಅಲುಗಾಡದ ಆರ್ಡರ್ ಕಂಡರೆ ಮೊದಲು ಟೇಪನ್ನೇ ಅನುಮಾನಿಸಿ.

ಎರಡನೆಯ ದಾರಿ ರೊಟೇಷನಲ್ ಲೇಸರ್. ಎರಡು ಸಮಾಂತರ ಕಿರಣ, ಎರಡರ ವ್ಯತ್ಯಾಸದಿಂದ ತಿರುಗುವ ವೇಗ, ಶಾಫ್ಟ್ ಆಚೀಚೆ ಅಲ್ಲಾಡಿದರೂ ಪರವಾಗಿಲ್ಲ. ಟೇಪ್ ಸುತ್ತಲು ಜಾಗವಿಲ್ಲದಲ್ಲಿ ಇದು ವರ. ಆದರೆ ಮೇಲ್ಮೈಯ ಚುಕ್ಕೆಗಳ ಗದ್ದಲ ಪ್ರತಿ ಸುತ್ತಿಗೂ ಮರುಕಳಿಸುವುದರಿಂದ ಇಲ್ಲೂ ಪೂರ್ಣಾಂಕ ಆರ್ಡರುಗಳಲ್ಲಿ ಸುಳ್ಳು ಕಂಪನ ಸ್ವಲ್ಪ ಕಾಣುತ್ತದೆ. ದುಬಾರಿ ಬೇರೆ. ಗಾಡಿ ಓಡುವಾಗ ಕೆಳಗೆ ಕಟ್ಟುವುದು ಕಷ್ಟ.

ಟಾರ್ಕ್ ನೇರವಾಗಿ ಬೇಕಾದರೆ 45 ಡಿಗ್ರಿಯಲ್ಲಿ ಅಂಟಿಸಿದ ನಾಲ್ಕು ಸ್ಟ್ರೇನ್ ಗೇಜಿನ ಪೂರ್ತಿ ಬ್ರಿಡ್ಜ್ ಮತ್ತು ತಿರುಗುವ ಶಾಫ್ಟಿನಿಂದ ತಂತಿಯಿಲ್ಲದೆ ಸಿಗ್ನಲ್ ಕಳಿಸುವ ಟೆಲಿಮೆಟ್ರಿ. ಅಂಟಿಸುವುದು, ಕ್ಯಾಲಿಬ್ರೇಟ್ ಮಾಡುವುದು ಸಮಯ ತಿನ್ನುತ್ತದೆ. ಆದರೆ ಸರಾಸರಿ ಟಾರ್ಕನ್ನೂ ಕಂಪಿಸುವ ಟಾರ್ಕನ್ನೂ ಒಟ್ಟಿಗೆ ಕೊಡುವುದು ಇದೇ. ಶಾಫ್ಟ್ ಮುರಿಯುವ ಪ್ರಶ್ನೆಯಾದರೆ ಬೇರೆ ಯೋಚನೆ ಬೇಡ. ಉದ್ದನೆಯ ಮೆತ್ತನೆಯ ಆಕ್ಸಲ್ ಶಾಫ್ಟಿಗೆ ಒಂದು ಅಡ್ಡದಾರಿ ಇದೆ: ಎರಡೂ ತುದಿಗೆ ವೇಗದ ಸೆನ್ಸರ್ ಇಟ್ಟು ಕೋನದ ವ್ಯತ್ಯಾಸ ತೆಗೆಯಿರಿ. ರೇಡಿಯನ್‌ಗೆ 5000 ನ್ಯೂಟನ್ ಮೀಟರ್ ಬಿಗಿತದ ಶಾಫ್ಟ್‌ನಲ್ಲಿ 500 ನ್ಯೂಟನ್ ಮೀಟರಿಗೆ 5.7 ಡಿಗ್ರಿ ತಿರುಚು, ಆರಾಮಾಗಿ ಅಳೆಯಬಹುದು. ಗೇರ್‌ಬಾಕ್ಸ್ ಒಳಗಿನ ಗಿಡ್ಡ ಶಾಫ್ಟಿಗೆ ಇದು ಆಗದು.

ಕ್ಯಾನ್ ಬಸ್‌ನಿಂದ (ಗಾಡಿಯ ಒಳಗಿನ ಕಂಪ್ಯೂಟರುಗಳು ಮಾತಾಡುವ ಜಾಲ) ಸಿಗುವ ಚಕ್ರದ ವೇಗ? ಜಗ್ಗಾಟಕ್ಕೆ ಸಾಕು, ಅದಕ್ಕಿಂತ ಮೇಲೆ ಬೇಡ. ಸಂದೇಶ 10 ಅಥವಾ 20 ಮಿಲಿಸೆಕೆಂಡಿಗೊಮ್ಮೆ ಬರುತ್ತದೆ, ಅದಕ್ಕೂ ಮೊದಲೇ ಫಿಲ್ಟರ್ ಆಗಿರಬಹುದು. ಅದರ ಜೊತೆ ಸೀಟ್ ಹಳಿಯ ಮೇಲೆ ಒಂದು ಆಕ್ಸೆಲೆರೊಮೀಟರ್ ಇಡಿ, ಓಡಿಸುವವರಿಗೆ ಅನಿಸುವುದು ಅದರಲ್ಲೇ ದಾಖಲಾಗುತ್ತದೆ.

ರಸ್ತೆಯಾ, ಡೈನೊನಾ, ರಿಗ್ಗಾ

ಜಗ್ಗಾಟವನ್ನು ರಸ್ತೆಯಲ್ಲೇ ಅಳೆಯಿರಿ. ಚಾಸಿ ಡೈನೊ, ಅಂದರೆ ಚಕ್ರಗಳನ್ನು ರೋಲರಿನ ಮೇಲೆ ಓಡಿಸುವ ಯಂತ್ರದ, ಮೇಲೆ ಗಾಡಿಯನ್ನು ಬೆಲ್ಟಿನಿಂದ ಕಟ್ಟಿರುತ್ತಾರೆ, ಬಾಡಿ ಮುಂದೆ ಹೋಗುವುದಿಲ್ಲ, ರೋಲರಿನ ಜಡತ್ವ ಬಾಡಿಯ ಜಾಗಕ್ಕೆ ಬರುತ್ತದೆ, ಹಾಗಾಗಿ ನೀವು ನೋಡುವುದು ಬೇರೆಯೇ ಕಂಪನ. ಗಡಗಡ ಮತ್ತು ಗುಂಯ್‌ಗುಡುವಿಕೆಗೆ ಮಾತ್ರ ಡೈನೊ ಬಹಳ ಒಳ್ಳೆಯದು. ಪೂರ್ತಿ ಥ್ರಾಟಲ್‌ನಲ್ಲಿ ಒಂದು ನಿಮಿಷ ಹಿಡಿಯುವಷ್ಟು ನಿಧಾನವಾಗಿ ಆರ್‌ಪಿಎಂ ಏರಿಸಬಹುದು. ಬೇಗ ಏರಿಸಿದರೆ ಅನುರಣನಕ್ಕೆ ಬೆಳೆಯಲು ಸಮಯ ಸಿಗದೆ ಶಿಖರ ಕುಗ್ಗುತ್ತದೆ, ಜಾಗವೂ ಸರಿಯುತ್ತದೆ.

ಎಂಜಿನ್ ಬದಲು ಕಡಿಮೆ ಜಡತ್ವದ ಎಲೆಕ್ಟ್ರಿಕ್ ಮೋಟರ್ ಇಟ್ಟು ಹೊಡೆತವನ್ನು ಅನುಕರಿಸುವ ರಿಗ್, ಎಂಜಿನ್ ಇನ್ನೂ ತಯಾರಾಗದಿದ್ದಾಗ ಅಥವಾ ನೂರಾರು ಕ್ಲಚ್ ಹೋಲಿಸುವಾಗ ಉಪಯೋಗಕ್ಕೆ ಬರುತ್ತದೆ. ಒಂದೇ ಎಚ್ಚರಿಕೆ, ರಿಗ್‌ನ ಮೋಟರ್ ಮತ್ತು ಜೋಡಣೆಯ ಶಾಫ್ಟ್ ತಮ್ಮದೇ ಕಂಪನ ರೂಪ ಸೇರಿಸುತ್ತವೆ. ಆ ಎರಡನ್ನೂ ನಿಮ್ಮ ಮಾಡೆಲ್‌ನಲ್ಲಿ ಹಾಕಿಯೇ ಹೋಲಿಸಬೇಕು.

ಎಲೆಕ್ಟ್ರಿಕ್ ಗಾಡಿಯಲ್ಲಿ ಹೊಡೆತವಿಲ್ಲ, ಆದ್ದರಿಂದ ಈ ತೊಂದರೆಯೂ ಇಲ್ಲ ಎಂದು ಭಾವಿಸಬೇಡಿ. ಮೋಟರಿನ ರೋಟರಿನ ಜಡತ್ವ 0.05, ಅನುಪಾತ 9 ಆದರೆ ಚಕ್ರದ ಕಡೆ ಅದು 4ರಷ್ಟು, ಮೇಲಿನ ಅದೇ ಗಾಡಿಗೆ ಲೆಕ್ಕ ಹಾಕಿದರೆ ಜಗ್ಗಾಟ 8 ಹರ್ಟ್ಜ್. ತಣಿಸಲು ಕ್ಲಚ್ ಡ್ಯಾಂಪರ್ ಇಲ್ಲ, ಟಾರ್ಕ್ ಒಂದೇ ಏಟಿಗೆ ಬರುತ್ತದೆ, ರೀಜನ್‌ನಿಂದ (ಮೋಟರೇ ಬ್ರೇಕಿನಂತೆ ಕೆಲಸ ಮಾಡಿ ಬ್ಯಾಟರಿ ತುಂಬುವುದು) ಎಳೆತಕ್ಕೆ ಬರುವಾಗ ಸಡಿಲ ದಾಟುತ್ತದೆ. ಇಲ್ಲಿ ತಣಿಸುವ ಕೆಲಸ ಮೋಟರ್ ಕಂಟ್ರೋಲರ್‌ದೇ, ಹಾಗಾಗಿ ಮಾಡೆಲ್‌ನಲ್ಲಿ ಅದರ ವಿಳಂಬವನ್ನೂ ಸೇರಿಸಲೇಬೇಕು.

ಎರಡನ್ನೂ ಕೂಡಿಸುವುದು

ಮಾಡೆಲ್ ಮತ್ತು ಅಳತೆ ಹೊಂದದಿದ್ದರೆ ಮೊದಲು ಆವರ್ತನ ಸರಿಪಡಿಸಿ, ಎತ್ತರ ಆಮೇಲೆ. ಜ್ಯಾಮಿತಿಯಿಂದ ಸರಿಯಾಗಿ ಗೊತ್ತಿರುವ ಶಾಫ್ಟಿನ ಬಿಗಿತವನ್ನು ಮುಟ್ಟಬೇಡಿ. ಅನುಮಾನ ಇರುವುದು ಕ್ಲಚ್, ಟೈರ್, ಮೌಂಟ್, ಸ್ಪ್ಲೈನ್ ಜೋಡಣೆಗಳಲ್ಲಿ, ತಿದ್ದುವುದಿದ್ದರೆ ಅವನ್ನೇ. ಡ್ಯಾಂಪಿಂಗ್ ಅಂತೂ ಅಳತೆಯಿಂದಲೇ ಬರಬೇಕು. ಒಂದು ಗೇರಿಗೆ ಹೊಂದಿಸಿದ ಮೌಲ್ಯಗಳನ್ನು ಹಾಗೇ ಇಟ್ಟು, ಗೇರ್ ಅನುಪಾತ ಮಾತ್ರ ಬದಲಿಸಿ ಇನ್ನೊಂದು ಗೇರಿನ ಅಳತೆ ಬರುತ್ತಾ ನೋಡಿ. ಬಂದರೆ ಮಾಡೆಲ್ ನಿಮ್ಮದು. ಬಾರದಿದ್ದರೆ ಇಷ್ಟು ಹೊತ್ತು ಮಾಡಿದ್ದು ಬರೀ ಗೆರೆ ಕೂರಿಸುವ ಕೆಲಸ.

ಒಂದೇ ದಿನ, ಎರಡೇ ಕೌಂಟರ್ ಚಾನೆಲ್ ಇದ್ದರೆ ನಾನು ಹೀಗೆ ಮಾಡುತ್ತೇನೆ. ಒಂದು ಪಿಕಪ್ ಸ್ಟಾರ್ಟರ್ ರಿಂಗಿಗೆ, ಇನ್ನೊಂದು ಗೇರ್‌ಬಾಕ್ಸ್‌ನಲ್ಲಿ ಯಾವಾಗಲೂ ಹೊರೆಯಲ್ಲಿರುವ ಗೇರಿಗೆ. ಎಣ್ಣೆ ಚೆನ್ನಾಗಿ ಬಿಸಿಯಾಗುವ ತನಕ ಓಡಿಸಿ, ಮೂರನೇ ಗೇರಿನಲ್ಲಿ ಸಾಧ್ಯವಾದಷ್ಟು ಕೆಳಗಿನ ಆರ್‌ಪಿಎಂನಿಂದ ಪೂರ್ತಿ ಥ್ರಾಟಲ್‌ನಲ್ಲಿ ನಿಧಾನ ಏರಿಕೆ, ಮೂರು ಸಲ. ಥ್ರಾಟಲ್ ಬಿಟ್ಟು ಇಳಿಕೆ, ಮೂರು ಸಲ. ಅದನ್ನೇ ಐದನೇ ಗೇರಿನಲ್ಲಿ. ಮೂರರಲ್ಲೂ ಒಂದೇ ಜಾಗದಲ್ಲಿ ಶಿಖರ ಬಂದರೆ ಗಾಡಿ ಬಿಡಬಹುದು. ಬಾರದಿದ್ದರೆ ಪಿಕಪ್‌ನ ಬ್ರಾಕೆಟ್ ಅಲುಗಾಡುತ್ತಿದೆಯಾ ಅಂತ ಕೈಯಲ್ಲಿ ಹಿಡಿದು ನೋಡಿ, ಬಿಗಿ ಮಾಡಿ ಮತ್ತೆ ಓಡಿಸಿ.